ರೋಲ್ಸ್ ರಾಯ್ಸ್: ಒಂದು ಹೆಸರು ಗಟ್ಟಿಯಾದ ದಾರಿ

ಶಿಗ್ಗಾಂವಿಯ ಬಸ್ ನಿಲ್ದಾಣವಿರಲಿ, ಹಾನಗಲ್ಲಿನ ಚಹಾದಂಗಡಿ ಇರಲಿ, ದುಬಾರಿ ಕಾರಿನ ಮಾತು ಎದ್ದರೆ ಒಂದು ಕತೆ ಹೊರಬರುವುದು ತಪ್ಪುವುದಿಲ್ಲ. ನಮ್ಮ ದೇಶದ ರಾಜನೊಬ್ಬ ಲಂಡನ್ನಿನಲ್ಲಿ ಸಾದಾ ಬಟ್ಟೆ ತೊಟ್ಟು ರೋಲ್ಸ್ ರಾಯ್ಸ್ ಮಳಿಗೆಗೆ ಹೋದನಂತೆ. ಬಡವನೆಂದು ತಿಳಿದು ಅಲ್ಲಿನವರು ಹೊರಗೆ ಕಳಿಸಿದರಂತೆ. ಮರುದಿನ ರಾಜಠೀವಿಯಲ್ಲಿ ಬಂದು ಇದ್ದಬದ್ದ ಕಾರುಗಳನ್ನೆಲ್ಲ ಕೊಂಡು, ಊರಿಗೆ ತಂದು, ಕಸ ಹೊರಲು ಹಚ್ಚಿದನಂತೆ. ಕಡೆಗೆ ಕಂಪನಿಯೇ ಕೈಮುಗಿದು ಕ್ಷಮೆ ಕೇಳಿತಂತೆ.

ಕೇಳಿದವರ ಎದೆ ಉಬ್ಬಿಸುವ ಕತೆ ಇದು. ಹೇಳುವವರು ಹೆಚ್ಚಾಗಿ ಅಲ್ವಾರದ ಮಹಾರಾಜ ಜೈಸಿಂಗನ ಹೆಸರು ಹೇಳುತ್ತಾರೆ. ಹೈದರಾಬಾದಿನ ನಿಜಾಮನ ಹೆಸರಿನಲ್ಲಿ, ಪಟಿಯಾಲದ ರಾಜನ ಹೆಸರಿನಲ್ಲಿ, ಭರತಪುರದ ರಾಜನ ಹೆಸರಿನಲ್ಲೂ ಇದೇ ಕತೆ ಓಡಾಡುತ್ತದೆ. ಒಂದೇ ಘಟನೆ ನಾಲ್ಕು ಅರಸರಿಗೆ, ನಾಲ್ಕು ಊರುಗಳಲ್ಲಿ ನಡೆದಿರಲಾರದು; ಅದು ನಡೆಯಿತೆಂಬುದಕ್ಕೆ ಗಟ್ಟಿಯಾದ ದಾಖಲೆಯೂ ಸಿಕ್ಕಿಲ್ಲ. ನಮ್ಮನ್ನು ಆಳುತ್ತಿದ್ದವರ ಸೊಕ್ಕು ಮುರಿಯಬೇಕೆಂಬ ಆಸೆಯಿಂದ ಹುಟ್ಟಿದ ಕತೆಯಾದ್ದರಿಂದ ಅದು ಜನರ ಬಾಯಲ್ಲಿ ಉಳಿಯಿತು. ಆದರೆ ಆ ಸೇಡು ತೀರಬೇಕಾದರೂ ರೋಲ್ಸ್ ರಾಯ್ಸ್ ಎಂಬ ಹೆಸರೇ ಬೇಕಾಯಿತು. ಬೇರೆ ಯಾವ ಕಾರಿನ ಮೇಲೆ ಕಸ ಹೇರಿದರೂ ಕತೆಗೆ ಕಳೆ ಬರುತ್ತಿರಲಿಲ್ಲ. ಈ ಹೆಸರಿಗೆ ಅಷ್ಟು ತೂಕ ಬಂದದ್ದು ಎಲ್ಲಿಂದ?

ಅರಸರಿಂದ ಎಂದು ಸಾಮಾನ್ಯವಾಗಿ ಉತ್ತರಿಸುತ್ತೇವೆ. ಇತಿಹಾಸವನ್ನು ಬಿಡಿಸಿ ನೋಡಿದರೆ ಅರಸರು ಬಂದದ್ದು ಆಮೇಲೆ. ಮೊದಲು ಬಂದವನು ಎಣ್ಣೆಮೆತ್ತಿದ ಕೈಯ ಒಬ್ಬ ಮೆಕ್ಯಾನಿಕ್. ಅವನ ಕೆಲಸವನ್ನು ನಡುಬೀದಿಯಲ್ಲಿ ಒರೆಗೆ ಹಚ್ಚಿದ ಪರೀಕ್ಷೆಗಳು ಅವನ ಹಿಂದೆಯೇ ಬಂದವು.

ಗಿರಣಿಯವನ ಮಗ

ಹೆನ್ರಿ ರಾಯ್ಸ್ ಹುಟ್ಟಿದ್ದು 1863ರಲ್ಲಿ, ಇಂಗ್ಲೆಂಡಿನ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಹಿಟ್ಟಿನ ಗಿರಣಿ ನಡೆಸಿ ಕೈಸುಟ್ಟುಕೊಂಡವನು. ಹುಡುಗನಿಗೆ ಒಂಬತ್ತು ವರ್ಷವಾದಾಗ ತಂದೆ ತೀರಿಕೊಂಡ. ರಾಯ್ಸ್ ಪತ್ರಿಕೆ ಮಾರಿದ, ಮನೆಮನೆಗೆ ತಂತಿ ಸಂದೇಶ ಮುಟ್ಟಿಸಿದ. ಶಾಲೆಯ ಮುಖ ಕಂಡದ್ದು ತೀರ ಕಡಿಮೆ. ಸೋದರತ್ತೆಯೊಬ್ಬಳು ಶುಲ್ಕ ಕಟ್ಟಿದ್ದರಿಂದ ಪೀಟರ್‌ಬರೋದ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ. ಅತ್ತೆಯ ಹಣ ಮುಗಿದಾಗ, ಕಲಿಕೆ ಪೂರ್ತಿಯಾಗುವ ಮೊದಲೇ, ಅದನ್ನೂ ಬಿಡಬೇಕಾಯಿತು.

1884ರಲ್ಲಿ ತಾನು ಕೂಡಿಟ್ಟ 20 ಪೌಂಡು, ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ಹಾಕಿದ 50 ಪೌಂಡು ಸೇರಿಸಿ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ವರ್ಕ್‌ಶಾಪು ತೆರೆದ. ಅಲ್ಲಿ ಮೊದಲು ತಯಾರಾದದ್ದು ಮನೆಬಾಗಿಲಿನ ವಿದ್ಯುತ್ ಗಂಟೆ. ಮುಂದೆ ಡೈನಮೋ, ವಿದ್ಯುತ್ ಕ್ರೇನು ಬಂದವು. ಕಿಡಿ ಹಾರದ ಡೈನಮೋ ಮಾಡುವವನೆಂದು ಹೆಸರಾಯಿತು.

ನಲವತ್ತರ ಹೊಸ್ತಿಲಲ್ಲಿ ರಾಯ್ಸ್ ಒಂದು ಹಳೆಯ ಫ್ರೆಂಚ್ ಕಾರು ಕೊಂಡ. ಅದರ ಗದ್ದಲವೂ ಅದು ಕೆಟ್ಟು ನಿಲ್ಲುವ ಪರಿಯೂ ಅವನಿಗೆ ಸೇರಲಿಲ್ಲ. ಒಂದೊಂದೇ ಭಾಗವನ್ನು ಬಿಚ್ಚಿ ನೋಡಿ, ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಲ್ಲೆ ಎಂದು ಹೊರಟ. 1904ರ ಏಪ್ರಿಲ್ 1ರಂದು ಅವನ ಎರಡು ಸಿಲಿಂಡರಿನ, ಹತ್ತು ಅಶ್ವಶಕ್ತಿಯ ಮೊದಲ ಕಾರು ರಸ್ತೆಗಿಳಿಯಿತು. ಹೊಸದಾಗಿ ಅವನು ಏನನ್ನೂ ಕಂಡುಹಿಡಿದಿರಲಿಲ್ಲ. ಇತರರು ಸಾಕು ಎಂದು ಬಿಟ್ಟ ಕಡೆ ಅವನು ಅರವನ್ನು ಕೈಗೆತ್ತಿಕೊಂಡ. ಪ್ರತಿ ಭಾಗವನ್ನೂ ತೂಗಿ, ಉಜ್ಜಿ, ಹೊಂದಿಸಿ, ಮತ್ತೆ ತಿದ್ದಿದ.

ಚಾರ್ಲ್ಸ್ ರೋಲ್ಸ್ ಬಂದದ್ದು ಇದಕ್ಕೆ ಪೂರಾ ಬೇರೆಯಾದ ಲೋಕದಿಂದ. ಲಾರ್ಡ್ ಒಬ್ಬನ ಮಗ. ಕೇಂಬ್ರಿಜ್‌ನಲ್ಲಿ ಓದಿದವನು. ಬಲೂನು, ಮೋಟಾರು, ವಿಮಾನಗಳ ಹುಚ್ಚು ಹಿಡಿದವನು. ಲಂಡನ್ನಿನಲ್ಲಿ ಶ್ರೀಮಂತರಿಗೆ ವಿದೇಶಿ ಕಾರು ಮಾರುತ್ತಿದ್ದ ಅವನಿಗೆ ತನ್ನ ನಾಡಿನದೇ ಒಳ್ಳೆಯ ಕಾರು ಬೇಕಿತ್ತು. 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ರಾಯ್ಸ್ ಮಾಡಿದ್ದನ್ನೆಲ್ಲ ರೋಲ್ಸ್ ಮಾರಬೇಕೆಂದು ಮಾತಾಯಿತು. 1906ರ ಮಾರ್ಚಿನಲ್ಲಿ ಕಂಪನಿ ನೋಂದಣಿಯಾಯಿತು. 1910ರ ಜುಲೈನಲ್ಲಿ ವಿಮಾನ ಮುರಿದುಬಿದ್ದು ರೋಲ್ಸ್ ಸತ್ತ. ಆಗ ಅವನಿಗೆ ಇನ್ನೂ 32 ವರ್ಷ. ಹೆಸರಿನಲ್ಲಿ ಅವನು ಮೊದಲಿಗನಾದರೂ ಆ ಹೆಸರನ್ನು ಮುಂದಿನ 23 ವರ್ಷ ಹೊತ್ತವನು ರಾಯ್ಸ್.

ಹದಿನೈದು ಸಾವಿರ ಮೈಲಿಯ ಒರೆಗಲ್ಲು

1906ರ ಕೊನೆಗೆ ಲಂಡನ್ನಿನ ಪ್ರದರ್ಶನದಲ್ಲಿ ಹೊಸ 40/50 ಅಶ್ವಶಕ್ತಿಯ ಮಾದರಿ ಕಾಣಿಸಿಕೊಂಡಿತು. ಆರು ಸಿಲಿಂಡರು, ಏಳು ಲೀಟರಿನ ಎಂಜಿನ್. ಉದ್ದನೆಯ ಕ್ರ್ಯಾಂಕ್‌ಶಾಫ್ಟು ನಡುಗದಂತೆ ಹಿಡಿಯಲು ಏಳು ಬೇರಿಂಗು. ಬೇರಿಂಗುಗಳಿಗೆ ಒತ್ತಡದಲ್ಲಿ ಎಣ್ಣೆ ತಲುಪಿಸುವ ಏರ್ಪಾಡು. ಆ ಕಾಲದ ಆರು ಸಿಲಿಂಡರಿನ ಎಂಜಿನ್‌ಗಳು ಇದೇ ನಡುಕದಿಂದ ಶಾಫ್ಟು ಮುರಿದುಕೊಳ್ಳುತ್ತಿದ್ದವು. ಆ ರೋಗದ ಮೂಲಕ್ಕೇ ಕೈಹಾಕಿದ್ದರಿಂದ ರಾಯ್ಸ್‌ನ ಎಂಜಿನ್ ಸದ್ದಿಲ್ಲದೆ ಓಡಿತು.

ಕಂಪನಿಯ ವ್ಯವಹಾರ ನೋಡುತ್ತಿದ್ದ ಕ್ಲಾಡ್ ಜಾನ್ಸನ್ 1907ರಲ್ಲಿ ಒಂದು ಕಾರಿಗೆ ಬೆಳ್ಳಿ ಬಣ್ಣ ಬಳಿಸಿ, ಅದರ ಲೋಹದ ಭಾಗಗಳಿಗೆ ಬೆಳ್ಳಿಯ ಲೇಪ ಕೊಡಿಸಿ, ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದೊಂದು ಚಂದದ ಜಾಹೀರಾತಾಗಿ ಮುಗಿಯುತ್ತಿತ್ತು. ಆತ ಆ ಕಾರನ್ನು ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವೀಕ್ಷಕರ ಕೈಗೆ ಒಪ್ಪಿಸಿ 15,000 ಮೈಲಿ ಓಡಿಸಲು ಬಿಟ್ಟ. ಲಂಡನ್ನಿಗೂ ಗ್ಲಾಸ್ಗೋಗೂ ನಡುವೆ ಹಗಲಿರುಳು, ಭಾನುವಾರ ಹೊರತು, ಕಾರು ಓಡಿತು. 629ನೆಯ ಮೈಲಿಯಲ್ಲಿ ಪೆಟ್ರೋಲಿನ ನಲ್ಲಿ ಅಲುಗಾಟಕ್ಕೆ ತಾನಾಗಿ ಮುಚ್ಚಿಕೊಂಡು ಒಮ್ಮೆ ನಿಂತಿತು. ಮುಂದಿನ 14,371 ಮೈಲಿ, ಎಂದರೆ 23,000 ಕಿಲೋಮೀಟರಿಗೂ ಹೆಚ್ಚು, ಕೆಟ್ಟು ನಿಲ್ಲಲೇ ಇಲ್ಲ. ಓಟ ಮುಗಿದ ಮೇಲೆ ಕಾರನ್ನು ಪೂರ್ತಿ ಬಿಚ್ಚಿ ಸವೆತ ಅಳೆದರು. ಅದನ್ನು ಮತ್ತೆ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳಿಗೆ ತಗುಲಿದ ಖರ್ಚು 2 ಪೌಂಡು, 2 ಶಿಲ್ಲಿಂಗ್, 7 ಪೆನ್ಸು.

ಮೇಲಿಂದ ಮೇಲೆ ಟೈರು ಸಿಡಿದು, ಚೈನು ಹರಿದು, ಸವಾರರು ರಸ್ತೆಬದಿ ಕೂರುತ್ತಿದ್ದ ಕಾಲ ಅದು. ಜಗತ್ತಿನ ಅತ್ಯುತ್ತಮ ಕಾರು ಎಂಬ ಬಿರುದು ಅಂಟಿದ್ದು ಈ ಓಟದಿಂದ.

ಓಡಿ ತೋರಿಸಿ ಹೆಸರು ಗಳಿಸುವುದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ದೀಪಾವಳಿ ಕಳೆದ ಮೇಲೆ ಹಾನಗಲ್ಲ, ಹಿರೇಕೆರೂರು, ಸವಣೂರು, ಶಿಗ್ಗಾಂವಿಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿ ಹಾರ ತೊಟ್ಟ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ. ಕೊಬ್ಬರಿ ಕೀಳಲು ಹುಡುಗರು ಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ಅಖಾಡ ದಾಟಿದ ಹೋರಿಯ ಹೆಸರು ಹತ್ತೂರಿಗೆ ಹಬ್ಬುತ್ತದೆ. ಅದರ ಕೊಂಬಿಗೆ ಕಟ್ಟಿದ ಜರಿ, ಬಲೂನು ಎಷ್ಟು ಚಂದವಿದ್ದರೂ ಓಡದ ಹೋರಿಗೆ ಹೆಸರಿಲ್ಲ. ಮರುವರ್ಷ ಮತ್ತೆ ಓಡಿ ತೋರಿಸಬೇಕು. ಸಿಲ್ವರ್ ಘೋಸ್ಟ್ ಹೆಸರು ಗಳಿಸಿದ್ದೂ ಹೀಗೆಯೇ, ಎಲ್ಲರ ಕಣ್ಣೆದುರಿಗೆ, ಸೋಲುವ ಅಪಾಯವನ್ನು ಮೈಮೇಲೆ ಎಳೆದುಕೊಂಡು.

ಮುಂಬೈಯಿಂದ ಕೊಲ್ಲಾಪುರಕ್ಕೆ

ಇಂಗ್ಲೆಂಡಿನ ರಸ್ತೆಯಲ್ಲಿ ಗೆದ್ದ ಕಾರು ಭಾರತದ ಘಟ್ಟಗಳನ್ನು ಏರಬಲ್ಲದೇ ಎಂಬ ಪ್ರಶ್ನೆಗೆ ಉತ್ತರ 1908ರಲ್ಲಿ ಸಿಕ್ಕಿತು. ಮುಂಬೈ–ಕೊಲ್ಲಾಪುರ ಮೋಟಾರು ಪರೀಕ್ಷೆ ಎಂದು 620 ಮೈಲಿಯ ಸ್ಪರ್ಧೆ ನಡೆಯಿತು. ಪಶ್ಚಿಮ ಘಟ್ಟದ ಏರು, ತಿರುವು, ಧೂಳು ಎಲ್ಲವೂ ದಾರಿಯಲ್ಲಿದ್ದವು. ಪರ್ಲ್ ಆಫ್ ದಿ ಈಸ್ಟ್ ಎಂದು ಹೆಸರಿಟ್ಟಿದ್ದ ಸಿಲ್ವರ್ ಘೋಸ್ಟ್ ಅದರಲ್ಲಿ ಗೆದ್ದಿತು. ಗ್ವಾಲಿಯರಿನ ಮಹಾರಾಜ ಸಿಂಧಿಯಾ ಆ ಕಾರನ್ನು ಕೊಂಡ. ಭಾರತದ ಅರಮನೆಗಳ ಬಾಗಿಲು ರೋಲ್ಸ್ ರಾಯ್ಸ್‌ಗೆ ತೆರೆದದ್ದು ಹೀಗೆ. ನಮ್ಮ ಅರಸರು ಕೂಡ ಮೊದಲು ನೋಡಿದ್ದು ಪರೀಕ್ಷೆಯ ಫಲಿತಾಂಶವನ್ನೇ.

ಕೊಲ್ಲಾಪುರದಿಂದ ಅದೇ ದಾರಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ದಾಟಿ ಶಿಗ್ಗಾಂವಿಯ ಮೂಲಕ ಬೆಂಗಳೂರಿಗೆ ಇಳಿಯುತ್ತದೆ. ಇಂದಿನ ರಾಷ್ಟ್ರೀಯ ಹೆದ್ದಾರಿ 48 ಅದೇ. ಆಗ ಶಿಗ್ಗಾಂವಿಯ ಸುತ್ತಲಿನ ಪ್ರದೇಶದ ಬಹುಪಾಲು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಬಂಕಾಪುರ ತಾಲ್ಲೂಕಿನ ಕಚೇರಿ ಶಿಗ್ಗಾಂವಿಯಲ್ಲಿ, ಕೋಡ ತಾಲ್ಲೂಕಿನದು ಹಿರೇಕೆರೂರಿನಲ್ಲಿ ಇದ್ದವು. ರಸ್ತೆಯಲ್ಲಿ ಕಾಣುತ್ತಿದ್ದದ್ದು ಹತ್ತಿ, ಮೆಣಸಿನಕಾಯಿ ಹೇರಿದ ಚಕ್ಕಡಿಗಳು.

ಆ ಕಾರಿಗೂ ಈ ಚಕ್ಕಡಿಗೂ ನಡುವಿನ ಅಂತರ ಲೆಕ್ಕಕ್ಕೆ ಸಿಗುವಂಥದು. 40/50ರ ಬೆಲೆ 985 ಪೌಂಡು, ಅದೂ ಬರೀ ಚಾಸಿಗೆ. ಮೇಲಿನ ಬಾಡಿಯನ್ನು ಕೊಂಡವರು ಬೇರೆ ಕಾರ್ಖಾನೆಯಲ್ಲಿ ಪ್ರತ್ಯೇಕ ದುಡ್ಡು ಕೊಟ್ಟು ಕಟ್ಟಿಸಿಕೊಳ್ಳಬೇಕಿತ್ತು. ಆಗ ಪೌಂಡಿಗೆ 15 ರೂಪಾಯಿ. ಅಲ್ಲಿಗೆ ಚಾಸಿಯೊಂದೇ ಹತ್ತಿರಹತ್ತಿರ 15,000 ರೂಪಾಯಿ. ದಿನಗೂಲಿ ನಾಲ್ಕಾಣೆ ಎಂದು ಹಿಡಿದರೆ ಅಷ್ಟು ಹಣಕ್ಕೆ ಒಬ್ಬ ಆಳು 60,000 ದಿನ ದುಡಿಯಬೇಕು. ಎಂದರೆ ನೂರಾ ಅರವತ್ತನಾಲ್ಕು ವರ್ಷ. ಈ ಕಾರಿನ ವೈಭವದ ಮಾತಾಡುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದು ನ್ಯಾಯ.

ಇದೇ ಸೀಮೆಯಲ್ಲಿ ಒಂದು ಸಂಸ್ಥಾನವೂ ಇತ್ತು. ಸವಣೂರಿನ ನವಾಬರದು. ಒಂದು ಕಾಲಕ್ಕೆ ದೊಡ್ಡ ನಾಡನ್ನು ಆಳಿದ ಮನೆತನ ಬ್ರಿಟಿಷರ ಕಾಲಕ್ಕೆ 70 ಚದರ ಮೈಲಿಗೆ ಇಳಿದಿತ್ತು. ತೋಪಿನ ಗೌರವ ಇರದ ಆ ಪುಟ್ಟ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ಮಹಾರಾಜರ ಕಾರುಗಳ ಕತೆ ಓದುವಾಗ ಭಾರತದ ಐನೂರಕ್ಕೂ ಮಿಕ್ಕಿದ ಸಂಸ್ಥಾನಗಳೆಲ್ಲ ಚಿನ್ನದಲ್ಲಿ ಮುಳುಗಿದ್ದವೆಂದು ಅನ್ನಿಸುತ್ತದೆ. ಅವುಗಳಲ್ಲಿ ಬಹುಪಾಲು ಸವಣೂರಿನಂಥ ಚಿಕ್ಕ ಸಂಸ್ಥಾನಗಳೇ. ಗುಂಪುಗುಂಪಾಗಿ ಕಾರು ತರಿಸಿದವರು ಕೈಬೆರಳೆಣಿಕೆಯ ದೊಡ್ಡವರು.

ಅರಮನೆಯ ಅಂಗಳದಲ್ಲಿ

1911ರಲ್ಲಿ ಐದನೆಯ ಜಾರ್ಜ್ ದೊರೆಯ ದೆಹಲಿ ದರ್ಬಾರಿಗೆ ಭಾರತ ಸರ್ಕಾರ ಎಂಟು ಸಿಲ್ವರ್ ಘೋಸ್ಟ್‌ಗಳನ್ನು ತರಿಸಿತು. ದರ್ಬಾರಿಗೆ ಬಂದ ರಾಜರೆಲ್ಲ ಅವನ್ನು ಕಂಡರು. ಸ್ವಾತಂತ್ರ್ಯಕ್ಕೆ ಮೊದಲು ಭಾರತಕ್ಕೆ ಎಂಟುನೂರರಿಂದ ಸಾವಿರದವರೆಗೆ ರೋಲ್ಸ್ ರಾಯ್ಸ್‌ಗಳು ಬಂದಿರಬಹುದೆಂದು ಬಲ್ಲವರ ಅಂದಾಜು. ಬೇಟೆಗೆ ದೊಡ್ಡ ದೀಪ, ಬಂದೂಕಿನ ಗೂಡು, ರಾಣಿವಾಸಕ್ಕೆ ಪರದೆ, ಉತ್ಸವಕ್ಕೆ ಬೆಳ್ಳಿಯ ಕೆಲಸ, ಹೀಗೆ ಒಂದೊಂದು ಬಾಡಿಯೂ ಒಂದೊಂದು ಥರ. ಕಾರಿನ ಮೂತಿಯ ಮೇಲೆ ಬಾಗಿ ನಿಂತ ಹೆಣ್ಣಿನ ಪುಟ್ಟ ಮೂರ್ತಿ ಸೇರಿದ್ದೂ 1911ರಲ್ಲೇ. ಅದನ್ನು ಮಾಡಿದ ಶಿಲ್ಪಿ ಚಾರ್ಲ್ಸ್ ಸೈಕ್ಸ್. ಅದಕ್ಕೆ ರೂಪದರ್ಶಿ ಎನ್ನಲಾದ ಎಲಿನಾರ್ ಥಾರ್ನ್‌ಟನ್ 1915ರ ಡಿಸೆಂಬರಿನಲ್ಲಿ ಭಾರತಕ್ಕೆ ಹೊರಟಿದ್ದ ಪರ್ಷಿಯಾ ಹಡಗಿನಲ್ಲಿದ್ದಳು. ಯುದ್ಧದ ದಿನಗಳು. ಜರ್ಮನ್ ಜಲಾಂತರ್ನೌಕೆಯ ದಾಳಿಗೆ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿತು, ಅವಳು ಬದುಕಲಿಲ್ಲ.

ಕರ್ನಾಟಕದಲ್ಲಿ ಈ ಹೆಸರಿನೊಂದಿಗೆ ಬೆಸೆದುಕೊಂಡದ್ದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಗೆ ಈ ಕಾರುಗಳು ಏಳೇಳರ ಲೆಕ್ಕದಲ್ಲಿ ಬರುತ್ತಿದ್ದವೆಂದೂ, ಯಾರಾದರೂ ಒಮ್ಮೆಗೇ ಹಲವು ಕಾರು ಕೊಂಡರೆ ಮಾರಾಟಗಾರರು ಮೈಸೂರಿನ ಹೆಸರೆತ್ತಿ ಹೇಳುತ್ತಿದ್ದರೆಂದೂ ಪ್ರತೀತಿ.

ಮೈಸೂರಿನ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಅದೇ ದೊರೆಯ ಕಾಲದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, 1916ರಲ್ಲಿ ವಿಶ್ವವಿದ್ಯಾಲಯ ಬಂತು. ಯಂತ್ರವನ್ನು ಒಡ್ಡೋಲಗದ ಅಲಂಕಾರಕ್ಕೆ ಮಾತ್ರ ಇಟ್ಟುಕೊಳ್ಳದೆ ಅದರ ವಿದ್ಯೆಯನ್ನೂ ನಾಡಿಗೆ ತಂದ ರಾಜ್ಯ ಅದು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಬೆಂಗಳೂರಿನ ಬಳಿ 700 ಎಕರೆ ನೆಲವನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. ಇಂದಿನ ಎಚ್‌ಎಎಲ್ ಹುಟ್ಟಿದ್ದು ಹೀಗೆ.

1971: ಕೊಂಡವರೂ ಮಾಡಿದವರೂ ಸೋತ ವರ್ಷ

ರೋಲ್ಸ್ ರಾಯ್ಸ್‌ನ ದೊಡ್ಡ ಬಲ ಕಾರಿನಲ್ಲಿ ಮಾತ್ರ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ರಾಯ್ಸ್ ವಿಮಾನದ ಎಂಜಿನ್‌ಗೆ ಕೈಹಾಕಿದ. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ ವಿಮಾನದಲ್ಲಿ ಇದ್ದವು ಈ ಕಂಪನಿಯ ಎರಡು ಈಗಲ್ ಎಂಜಿನ್‌ಗಳು. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನ ಹಾರಿಸಿದ್ದು ಇದೇ ಕಂಪನಿಯ ಮೆರ್ಲಿನ್.

ಹೊಡೆತ ಬಿದ್ದದ್ದು ಆ ಕಡೆಯಿಂದಲೇ. ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನಕ್ಕಾಗಿ ಆರ್‌ಬಿ-211 ಎಂಬ ಜೆಟ್ ಎಂಜಿನ್ ಕೊಡುತ್ತೇವೆಂದು ಕಂಪನಿ ಮಾತು ಕೊಟ್ಟಿತ್ತು. ತೂಕ ಇಳಿಸಲು ಫ್ಯಾನಿನ ಎಲೆಗಳನ್ನು ಕಾರ್ಬನ್ ನಾರಿನಿಂದ ಮಾಡಲು ಹೊರಟರು. ಹಕ್ಕಿ ಬಡಿದರೆ ತಾಳಬಲ್ಲವೇ ಎಂದು ನೋಡುವ ಪರೀಕ್ಷೆಯಲ್ಲಿ ಅವು ಒಡೆದು ಚೂರಾದವು. ಟೈಟಾನಿಯಂಗೆ ಮರಳಬೇಕಾಯಿತು. ಖರ್ಚು ಕೈಮೀರಿತು. 1971ರ ಫೆಬ್ರವರಿ 4ರಂದು ಕಂಪನಿ ದಿವಾಳಿ ಎದ್ದಿತು. ಎಡ್ವರ್ಡ್ ಹೀತ್ ಅವರ ಬ್ರಿಟಿಷ್ ಸರ್ಕಾರ ಅದನ್ನು ರಾಷ್ಟ್ರೀಕರಿಸಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಸಂವಿಧಾನದ 26ನೆಯ ತಿದ್ದುಪಡಿ ಮಾಜಿ ಅರಸರ ರಾಜಧನವನ್ನೂ ಬಿರುದುಗಳನ್ನೂ ರದ್ದು ಮಾಡಿತು. ಕಾರು ಕೊಂಡ ಮನೆಗಳಿಗೂ ಮಾಡಿದ ಕಂಪನಿಗೂ ಒಂದೇ ವರ್ಷದಲ್ಲಿ ನೆಲ ಕುಸಿಯಿತು. ಅರಮನೆಗಳ ಎಷ್ಟೋ ಕಾರುಗಳು ಶೆಡ್ಡುಗಳಲ್ಲಿ ಉಳಿದವು, ಎಷ್ಟೋ ಕೈಬದಲಾದವು. ಉಳಿದವನ್ನು ಇಂದು ಓಡುವ ಸ್ಥಿತಿಯಲ್ಲಿಟ್ಟವರು ಊರೂರಿನ ಹಳೆಯ ಮೆಕ್ಯಾನಿಕ್‌ಗಳು. ಬಿಡಿಭಾಗ ಸಿಗದಾಗ ಲೇತಿನಲ್ಲಿ ತಾವೇ ತಿರುವಿ ಮಾಡಿ ಕೂಡಿಸಿದವರು. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ.

ಮುಂದಿನದು ಹೆಸರಿನ ಹಂಚಿಕೆಯ ಕತೆ. 1973ರಲ್ಲಿ ಕಾರಿನ ವಿಭಾಗ ಬೇರೆಯಾಯಿತು. 1980ರಲ್ಲಿ ವಿಕರ್ಸ್ ಅದನ್ನು ಕೊಂಡಿತು. 1998ರಲ್ಲಿ ವಿಕರ್ಸ್ ಮಾರಲು ಹೊರಟಾಗ ಜರ್ಮನಿಯ ಎರಡು ಕಂಪನಿಗಳು ಪೈಪೋಟಿಗೆ ಬಿದ್ದವು. ಫೋಕ್ಸ್‌ವ್ಯಾಗನ್ 430 ಮಿಲಿಯನ್ ಪೌಂಡು ಕೊಟ್ಟು ಕ್ರೂ ಊರಿನ ಕಾರ್ಖಾನೆಯನ್ನೂ ಕಾರಿನ ಮೂತಿಯ ಆ ಪುಟ್ಟ ಮೂರ್ತಿಯ ಹಕ್ಕನ್ನೂ ಪಡೆಯಿತು. ಆದರೆ ರೋಲ್ಸ್ ರಾಯ್ಸ್ ಎಂಬ ಹೆಸರಿನ ಒಡೆತನ ವಿಮಾನ ಎಂಜಿನ್ ಕಂಪನಿಯ ಬಳಿ ಉಳಿದಿತ್ತು. ಅದು ಆ ಹೆಸರನ್ನು 40 ಮಿಲಿಯನ್ ಪೌಂಡಿಗೆ ಬಿಎಂಡಬ್ಲ್ಯುಗೆ ಕೊಟ್ಟಿತು. ಕಾರ್ಖಾನೆ ಒಬ್ಬರಿಗೆ, ಹೆಸರು ಇನ್ನೊಬ್ಬರಿಗೆ! ಕಡೆಗೆ ರಾಜಿಯಾಗಿ, ಕಾರ್ಖಾನೆಯ ಜೊತೆ ಬೆಂಟ್ಲಿ ಫೋಕ್ಸ್‌ವ್ಯಾಗನ್‌ಗೆ ಉಳಿಯಿತು. 2003ರ ಜನವರಿ 1ರಿಂದ ರೋಲ್ಸ್ ರಾಯ್ಸ್ ಕಾರು ಗುಡ್‌ವುಡ್ ಎಂಬಲ್ಲಿ ಕಟ್ಟಿದ ಹೊಸ ಕಾರ್ಖಾನೆಯಿಂದ ಬರತೊಡಗಿತು. ರಾಯ್ಸ್ ಕೊನೆಯ ವರ್ಷಗಳನ್ನು ಕಳೆದು 1933ರಲ್ಲಿ ಕಣ್ಣುಮುಚ್ಚಿದ ವೆಸ್ಟ್ ವಿಟರಿಂಗ್ ಹಳ್ಳಿ ಅದಕ್ಕೆ ಹತ್ತಿರ. 2023ರಲ್ಲಿ ಸ್ಪೆಕ್ಟರ್ ಎಂಬ ಪೂರ್ತಿ ವಿದ್ಯುತ್ ಕಾರು ಗ್ರಾಹಕರ ಕೈ ಸೇರತೊಡಗಿತು. ವಿದ್ಯುತ್ ಗಂಟೆ ಮಾಡುತ್ತ ಬದುಕು ಶುರು ಮಾಡಿದವನ ಹೆಸರು ಹೊತ್ತ ಕಂಪನಿಗೆ ಅದು ಹೊರಗಿನ ವಿದ್ಯೆಯೇನಲ್ಲ.

ಹೆಸರನ್ನು ಹೀಗೆ ಮಾರಬಹುದು, ಕೊಳ್ಳಬಹುದು. ಆದರೆ ಕೊಂಡ ಮೇಲೆ ಅದನ್ನು ಮತ್ತೆ ಗಳಿಸಬೇಕು. ಹೆಸರು ಕೊಂಡ ಮೇಲೂ ಬಿಎಂಡಬ್ಲ್ಯು ಕಾರ್ಖಾನೆ ಕಟ್ಟಿ, ಮರ, ಚರ್ಮ, ಬಣ್ಣದ ಕೆಲಸ ಬಲ್ಲ ಕೈಗಳನ್ನು ಕೂಡಿಸಿ, ಫ್ಯಾಂಟಮ್ ಎಂಬ ಹೊಸ ಕಾರು ಮಾಡಿ ತೋರಿಸಬೇಕಾಯಿತು. 1971ರಲ್ಲಿ ಕಂಪನಿಯನ್ನು ಮುಳುಗಿಸಿದ ಆರ್‌ಬಿ-211 ಕೂಡ ತಿದ್ದಿ ಸರಿಪಡಿಸಿದ ಮೇಲೆ ಜಗತ್ತಿನ ಒಳ್ಳೆಯ ಜೆಟ್ ಎಂಜಿನ್‌ಗಳಲ್ಲಿ ಒಂದಾಯಿತು. ಇಂದಿನ ಟ್ರೆಂಟ್ ಎಂಜಿನ್‌ಗಳು ಅದರದೇ ಸಂತತಿ.

ಕೊಳ್ಳುವ ನಾಡಿನಿಂದ ಮಾಡುವ ನಾಡಿಗೆ

ಕರ್ನಾಟಕಕ್ಕೂ ಈ ಹೆಸರಿಗೂ ಇರುವ ನಂಟಿನಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಬೆಂಗಳೂರಿನಲ್ಲಿ ನಡೆದ ಕೆಲಸಕ್ಕೆ. ಎಚ್‌ಎಎಲ್‌ನ ಎಂಜಿನ್ ವಿಭಾಗ ಜಾಗ್ವಾರ್ ಯುದ್ಧವಿಮಾನದ ಅಡೋರ್ ಎಂಜಿನ್‌ಗಳನ್ನು ಲೈಸೆನ್ಸ್ ಪಡೆದು ತಯಾರಿಸಿತು. ಅಡೋರ್ ರೂಪಿಸಿದ ಕಂಪನಿಗಳಲ್ಲಿ ರೋಲ್ಸ್ ರಾಯ್ಸ್ ಒಂದು. 2010ರಲ್ಲಿ ಎಚ್‌ಎಎಲ್ ಮತ್ತು ರೋಲ್ಸ್ ರಾಯ್ಸ್ ಸಮಪಾಲಿನಲ್ಲಿ ಒಂದು ಕಂಪನಿ ಕಟ್ಟಿ, ವಿಮಾನ ಎಂಜಿನ್‌ನ ಕಂಪ್ರೆಸರ್ ಭಾಗಗಳನ್ನು ಬೆಂಗಳೂರಿನಲ್ಲಿ ಮಾಡತೊಡಗಿದವು. ನೂರು ವರ್ಷದ ಹಿಂದೆ ಮೈಸೂರು ಈ ಹೆಸರಿನ ಗಿರಾಕಿ. ಇಂದು ಕನ್ನಡ ನೆಲದಲ್ಲಿ ತಯಾರಾದ ಭಾಗ ಆ ಹೆಸರಿನ ಎಂಜಿನ್‌ನೊಳಗೆ ತಿರುಗುತ್ತದೆ. ನೂರು ಕಾರು ಕೊಳ್ಳುವುದಕ್ಕಿಂತ ಇದು ದೊಡ್ಡ ಗೌರವ.

ಹೆದ್ದಾರಿಯಲ್ಲಿ ಶಿಗ್ಗಾಂವಿ ದಾಟಿ ಹೋಗುವ ದುಬಾರಿ ಕಾರನ್ನು ನಮ್ಮ ಹುಡುಗರು ಕಣ್ಣರಳಿಸಿ ನೋಡುತ್ತಾರೆ, ನೋಡಲಿ. ಆ ಕಾರಿನ ಕತೆಯನ್ನು ಅವರಿಗೆ ಪೂರ್ತಿ ಹೇಳುವುದು ದೊಡ್ಡವರ ಕೆಲಸ. ಅದರೊಳಗೆ ಯಾರು ಕೂತಿದ್ದರು ಎಂಬುದಕ್ಕಿಂತ ಅದನ್ನು ಯಾರು, ಹೇಗೆ ಮಾಡಿದರು ಎಂಬುದನ್ನು ಹೇಳಬೇಕು. ತಂದೆ ಸತ್ತ, ಶಾಲೆ ತಪ್ಪಿದ, ಕಲಿಕೆಗೆ ದುಡ್ಡು ಸಾಲದ ಹುಡುಗನೊಬ್ಬ ಅದನ್ನು ಮಾಡಿದ. ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕೆಲಸ ಕಲಿಯುವವರಲ್ಲಿ ಅಂಥ ಮನೆಗಳ ಮಕ್ಕಳೇ ಹೆಚ್ಚು. ಅವರ ಕಲಿಕೆಯನ್ನು ಓದು ಹತ್ತದವರ ಪಾಡು ಎಂದು ನಾವು ಮನೆಗಳಲ್ಲಿ ಆಡಿಕೊಳ್ಳುತ್ತೇವೆ. ಆ ಮಾತನ್ನು ಬಿಡಬೇಕು. ಒಳ್ಳೆಯ ಲೇತು, ಸರಿಯಾದ ಅಳತೆಯ ಉಪಕರಣ, ಕೆಲಸ ಬಲ್ಲ ಗುರು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಮಾಡುವಷ್ಟು ಸಮಯ, ಇಷ್ಟನ್ನು ಆ ಮಕ್ಕಳಿಗೆ ಒದಗಿಸುವುದು ಸರ್ಕಾರದ ಹೊಣೆ. ಅವರು ಮಾಡಿದ ಕೆಲಸಕ್ಕೆ ಮರ್ಯಾದೆ ಕೊಡುವ ಹೊಣೆ ನಮ್ಮೆಲ್ಲರದು.